ನಾಯಿ ಮೇಯುವ ಹೊತ್ತು

ಬೇಸಿಗೆ ಬಂತೆಂದರೆ ಅಬುಧಾಬಿಯ ಖಾಲಿದಿಯಾದಲ್ಲಿ ನಾಯಿಗಳ ದಿನಚರಿಯೇ ಬದಲಾಗುತ್ತದೆ. ಬಿಸಿಲೇರಿದ ಮೇಲೆ ಟಾರು ರಸ್ತೆಯಲ್ಲಿ ಅಂಗಾಲು ಊರುವಂತಿಲ್ಲ. ಸಂಜೆ ಕತ್ತಲಾದರೂ ಕಲ್ಲುಹಾಸಿನ ಕಾವು ಇಳಿಯುವುದಿಲ್ಲ. ಹಾಗಾಗಿ ಕಾರ್ನಿಶ್ ಎಂಬ ಕಡಲದಂಡೆ ರಸ್ತೆಯ ಕಡೆಯ ಎತ್ತರದ ಕಟ್ಟಡಗಳ ನಡುವೆ, ಹಳೆಯ ವಿಲ್ಲಾಗಳ ಕಾಂಪೌಂಡಿನ ಬದಿಯಲ್ಲಿ, ಮಸೀದಿಯ ಬೆಳಗಿನ ಕರೆ ಕೇಳುವ ಹೊತ್ತಿಗೆಲ್ಲ ಚೈನು ಹಿಡಿದವರು ಕಾಣಿಸಿಕೊಳ್ಳುತ್ತಾರೆ. ನಾಯಿ ಸಾಕುವುದಕ್ಕೆ ಇಲ್ಲಿ ಕಟ್ಟುಪಾಡುಗಳಿವೆ. 2016ರ ಒಕ್ಕೂಟ ಕಾನೂನಿನಂತೆ ಪರವಾನಗಿ, ಲಸಿಕೆ ಇರಲೇಬೇಕು, ಬೀದಿಗಿಳಿದರೆ ಚೈನು ಬಿಚ್ಚುವಂತಿಲ್ಲ. ಉದ್ಯಾನ, ಕಡಲತೀರಗಳಲ್ಲಿ ಬಹುಪಾಲು ಕಡೆ ನಾಯಿಗೆ ಪ್ರವೇಶವೂ ಇಲ್ಲ. ಅದರ ಪಾಲಿಗೆ ಉಳಿಯುವುದು ಫುಟ್‌ಪಾತಿನ ಅಂಚಿನ ಹಸಿರು ಪಟ್ಟಿ, ಅದರುದ್ದಕ್ಕೂ ನಿಂತ ಖರ್ಜೂರದ ಮರಗಳು.

ಅಲ್ಲಿಗೆ ಬಂದ ಕೂಡಲೇ ನಾಯಿ ನಿಲ್ಲುತ್ತದೆ. ಮೂಸುತ್ತದೆ, ಹುಲ್ಲಿನ ಒಣಗಿದ ಎಸಳನ್ನು ಬಿಡುತ್ತದೆ, ಉದ್ದನೆಯ ಹಸಿ ಎಸಳನ್ನು ಆರಿಸುತ್ತದೆ. ಮುಂಬಲ್ಲು ಇದಕ್ಕೆ ಒದಗುವುದಿಲ್ಲ. ತಲೆ ಓರೆ ಮಾಡಿ, ದವಡೆಯ ಹಲ್ಲಿಗೆ ಎಸಳನ್ನು ಸಿಕ್ಕಿಸಿಕೊಂಡು, ಜಗ್ಗಿ ಕಿತ್ತು, ಎರಡು ಸಲ ಅಗಿದಂತೆ ಮಾಡಿ ನುಂಗಿಬಿಡುತ್ತದೆ. ಚೈನು ಎಳೆದರೂ ಕದಲುವುದಿಲ್ಲ. "ಹೊಟ್ಟೆ ಸರಿ ಇಲ್ಲ ಅಂತ ಕಾಣ್ತದೆ ಇದಕ್ಕೆ" ಎಂದು ಮಂಗಳೂರು ಕಡೆಯವರು ಹೇಳುವುದೂ ಆಗಲೇ. ಊರಲ್ಲಿ ಅಜ್ಜಿ ಹೇಳಿದ್ದೂ ಅದೇ: ನಾಯಿ ಹುಲ್ಲು ತಿನ್ನುವುದು ವಾಂತಿ ಮಾಡಿಕೊಳ್ಳುವುದಕ್ಕೆ.

ಈ ಮಾತನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ನಾಯಿ ಸಾಕಿದವರಿಂದ ಮಾಹಿತಿ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೆ ತೆಗೆದುಕೊಂಡ 1,571 ನಾಯಿಗಳಲ್ಲಿ ಶೇ 68 ದಿನಕ್ಕೋ ವಾರಕ್ಕೋ ಒಮ್ಮೆಯಾದರೂ ಗಿಡ ತಿನ್ನುವಂಥವು. ತಿನ್ನುವುದು ಹೆಚ್ಚಾಗಿ ಹುಲ್ಲನ್ನೇ. ತಿನ್ನುವ ಮುಂಚೆ ಹುಷಾರಿಲ್ಲದಂತೆ ಕಾಣುತ್ತಿದ್ದವು ಶೇ 8 ಮಾತ್ರ. ತಿಂದ ಮೇಲೆ ಆಗಾಗ ವಾಂತಿ ಮಾಡುತ್ತಿದ್ದವು ಶೇ 22. ಎಳೆಯ ನಾಯಿಗಳು ಹೆಚ್ಚು ತಿನ್ನುತ್ತಿದ್ದವು, ಆದರೆ ವಾಂತಿ ಮಾಡುತ್ತಿದ್ದುದು ಕಡಿಮೆ. ಹೊಟ್ಟೆನೋವಿಗೆ ಮದ್ದು ಎಂಬುದು ನಿಜವಾಗಿದ್ದರೆ ಈ ಅಂಕಿಗಳು ತಿರುವುಮುರುವಾಗಿ ಇರಬೇಕಿತ್ತು. ಆಸ್ಟ್ರೇಲಿಯಾದಲ್ಲಿ ಹನ್ನೆರಡು ನಾಯಿಗಳನ್ನು ಗಮನಿಸಿದ ಇನ್ನೊಂದು ಅಧ್ಯಯನ, ಊಟಕ್ಕೆ ಮುಂಚೆ ಅವು ಹೆಚ್ಚು ಹುಲ್ಲು ತಿನ್ನುತ್ತವೆ, ಊಟವಾದ ಮೇಲೆ ಕಡಿಮೆ ಎಂದು ಕಂಡುಕೊಂಡಿತು. ಖಾಲಿ ಹೊಟ್ಟೆಯಲ್ಲಿ ನಸುಕಿಗೇ ಹೊರಬೀಳುವ ನಾಯಿ ಹುಲ್ಲಿನ ಮುಂದೆ ಹಟ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಏಕೆ? ಉತ್ತರಕ್ಕೆ ತೋಳದ ಹತ್ತಿರ ಹೋಗಬೇಕು. ಅಮೆರಿಕದ ಯೆಲ್ಲೋಸ್ಟೋನ್ ಕಾಡಿನಲ್ಲಿ ಬೇಸಿಗೆ ಕಾಲದ ತೋಳದ ಹಿಕ್ಕೆಗಳನ್ನು ಬಿಡಿಸಿ ನೋಡಿದಾಗ ಶೇ 74ರಲ್ಲಿ ಸಸ್ಯದ ಅಂಶ, ಮುಖ್ಯವಾಗಿ ಹುಲ್ಲು, ಸಿಕ್ಕಿತ್ತು. ನಾಯಿ, ತೋಳಗಳಿಗೆ ಹುಲ್ಲು ಅರಗುವುದಿಲ್ಲ. ದನದ ಹಾಗೆ ಮೆಲುಕು ಹಾಕುವ ಹೊಟ್ಟೆ ಅವಕ್ಕಿಲ್ಲ. ಎಸಳು ಹೋದ ಹಾಗೆಯೇ ಹೊರಬರುತ್ತದೆ. ಆ ಅರಗದ ಗುಣವೇ ಉಪಯೋಗಕ್ಕೆ ಬರುತ್ತಿದ್ದಿರಬೇಕು ಎಂದು ಹಾರ್ಟ್ ವಾದಿಸುತ್ತಾರೆ: ನಾರು ಕರುಳನ್ನು ಚುರುಕುಗೊಳಿಸುತ್ತದೆ, ಹುಳುಗಳಿಗೆ ಸುತ್ತಿಕೊಂಡು ಅವನ್ನು ಹೊರಗೆ ಸಾಗಿಸುತ್ತದೆ. ಟಾಂಜಾನಿಯಾದ ಮಹಾಲೆಯಲ್ಲಿ ಚಿಂಪಾಂಜಿಗಳು ಒರಟು ಎಲೆಗಳನ್ನು ಅಗಿಯದೆ ಮಡಚಿ ನುಂಗುವುದನ್ನೂ, ಆ ಮಡಿಕೆಗಳಲ್ಲಿ ಸಿಕ್ಕಿಕೊಂಡ ಹುಳುಗಳು ಹೊರಬೀಳುವುದನ್ನೂ ವಿಜ್ಞಾನಿ ಮೈಕೆಲ್ ಹಫ್‌ಮನ್ ದಾಖಲಿಸಿದ್ದಾರೆ. ತಿಂಗಳಿಗೊಮ್ಮೆ ಹುಳದ ಮಾತ್ರೆ ನುಂಗುವ ಫ್ಲ್ಯಾಟಿನ ನಾಯಿಗೆ ಆ ಹುಳುಗಳಿಲ್ಲ. ಅಭ್ಯಾಸ ಮಾತ್ರ ಉಳಿದಿದೆ.

ಈ ವಿವರಣೆ ಎಲ್ಲ ನಾಯಿಗೂ ಹೊಂದುತ್ತದೆ ಎಂದಲ್ಲ. ಕೊರಿಯಾದ ಒಂದು ಮುದಿ ಪೂಡಲ್ ಏಳು ವರ್ಷ ಕಾಲ ಗಿಡ ತಿಂದು ತಿಂದು ವಾಂತಿ ಮಾಡಿಕೊಳ್ಳುತ್ತಿತ್ತು. ನಾರಿನಂಶ ಹೆಚ್ಚಿರುವ ಆಹಾರ ಕೊಡತೊಡಗಿದ ಮೇಲೆ ಕೆಲವೇ ದಿನಗಳಲ್ಲಿ ಆ ಚಟ ನಿಂತುಹೋಯಿತು ಎಂದು 2007ರಲ್ಲಿ ಅಲ್ಲಿನ ವೈದ್ಯರು ಬರೆದಿದ್ದಾರೆ. ತಟ್ಟೆಯಲ್ಲಿ ಕಮ್ಮಿಯಾದದ್ದನ್ನು ಆ ನಾಯಿ ಹೊರಗೆ ಹುಡುಕುತ್ತಿತ್ತು.

ತಟ್ಟೆಯ ಮಾತು ಬಂದಾಗ ನಾಯಿಯನ್ನು ಬರೀ ಮಾಂಸಾಹಾರಿ ಎನ್ನುವುದೂ ತಪ್ಪಾಗುತ್ತದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಗಳಲ್ಲಿ 4ರಿಂದ 30 ಪ್ರತಿಗಳವರೆಗೂ ಇವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಮನುಷ್ಯ ಬಿತ್ತಿ ಬೆಳೆಯತೊಡಗಿದ ಮೇಲೆ ಅವನ ಅಂಗಳದಲ್ಲೇ ಉಳಿದ ಪ್ರಾಣಿಗೆ ಅವನ ಧಾನ್ಯವೂ ಒಗ್ಗಿತು. ಮುಧೋಳ ಸೀಮೆಯ ಬೇಟೆನಾಯಿ ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿಯ ಮೇಲೆ ಬೆಳೆದದ್ದು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ಈ ತಳಿಯ ಮೂಲವನ್ನು ಹುಡುಕುವವರು ಅರಬ್ ಮರುಭೂಮಿಯ ಸಲೂಕಿಯ ಕಡೆಗೇ ಬೆರಳು ತೋರಿಸುತ್ತಾರೆ: ಅದೇ ಸಣ್ಣ ಸೊಂಟ, ಅದೇ ಉದ್ದ ಮೋರೆ, ಅದೇ ಓಟ. ಮರಳುಗಾಡಿನ ಬೇಟೆಗಾರರು ತಮ್ಮ ಡೇರೆಯೊಳಗೆ ಮಲಗಿಸಿಕೊಳ್ಳುತ್ತಿದ್ದ ಸಲೂಕಿಗೆ ಮಾಂಸದ ಜೊತೆ ಹಾಕುತ್ತಿದ್ದುದು ಒಂಟೆ ಹಾಲು ಮತ್ತು ಖರ್ಜೂರ.

ಖರ್ಜೂರದ ತಿರುಳಿನಿಂದ ತೊಂದರೆಯಿಲ್ಲ. ತೊಂದರೆ ಬೀಜದಲ್ಲಿದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಖರ್ಜೂರ ಹಣ್ಣಾಗುವ ಕಾಲ. ನಗರದ ಬೀದಿಬದಿಯ ಮರಗಳ ಗೊಂಚಲಿಗೆ ಬಲೆ ಕಟ್ಟಿರುತ್ತಾರೆ. ಆದರೂ ಬುಡದಲ್ಲಿ ಹಣ್ಣು ಬಿದ್ದೇ ಇರುತ್ತದೆ, ದಾರಿಹೋಕರು ಉಗಿದ ಬೀಜಗಳೂ ಇರುತ್ತವೆ. ಹುಲ್ಲು ಮೂಸುತ್ತಿದ್ದ ಬಾಯಿ ಗುಳಕ್ಕನೆ ಒಂದನ್ನು ನುಂಗಿದ್ದು ಚೈನು ಹಿಡಿದವರಿಗೆ ತಿಳಿಯುವುದೇ ಇಲ್ಲ. ದೊಡ್ಡ ನಾಯಿಯಾದರೆ ಅದು ದಾಟಿ ಹೋಗಬಹುದು. ಸಣ್ಣ ಜಾತಿಯ ನಾಯಿಯ ಸಣ್ಣ ಕರುಳಿನಲ್ಲಿ, ಗಟ್ಟಿಯಾಗಿ ಎರಡೂ ತುದಿ ಚೂಪಾಗಿರುವ ಆ ಬೀಜ ಅಡ್ಡ ನಿಂತಿತೆಂದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗುತ್ತದೆ. ನುಂಗಿದ ಕೂಡಲೇ ಏನೂ ಗೊತ್ತಾಗುವುದಿಲ್ಲ. ಆಮೇಲೆ ಊಟ ಬೇಡವೆನ್ನುತ್ತದೆ, ಕುಡಿದ ನೀರನ್ನೂ ವಾಂತಿ ಮಾಡುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ, ಮಲ ನಿಂತುಹೋಗುತ್ತದೆ. ಹುಲ್ಲು ತಿಂದು ಒಮ್ಮೆ ನೊರೆ ಕಕ್ಕಿದ್ದಕ್ಕೂ ಇದಕ್ಕೂ ಇರುವ ಅಂತರವನ್ನು ಮನೆಯವರು ಗುರುತಿಸಲೇಬೇಕು.

ಹುಲ್ಲಿನ ಪಕ್ಕದಲ್ಲೇ ಬೆಳೆದ ಇನ್ನೊಂದು ಅಪಾಯ ಕಣಗಿಲೆ. ಊರಲ್ಲಿ ದೇವರಿಗೆ ಏರಿಸುವ ಅದೇ ಹೂವು. ನೀರು ಕಡಿಮೆಯಾದರೂ ಬಿಸಿಲಿಗೆ ಬಾಡದ ಗಿಡವಾದ್ದರಿಂದ ಎಮಿರೇಟ್ಸ್‌ನ ರಸ್ತೆಬದಿಯಲ್ಲಿ ಬೇಲಿಯಂತೆ ಬೆಳೆಸುತ್ತಿದ್ದರು. ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಒಣಗಿ ಉದುರಿದ ಎಲೆಯೂ ವಿಷವೇ. ಅದರಲ್ಲಿರುವ ಓಲಿಯಾಂಡ್ರಿನ್ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಕಹಿಯಾದ್ದರಿಂದ ಬೆಳೆದ ನಾಯಿ ದೂರವಿರಬಹುದು, ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವ ಮರಿ ಹಾಗಲ್ಲ. ಬಾಲ್ಕನಿಯ ಕುಂಡಗಳಲ್ಲಿ ಕಾಣುವ ಸೈಕಸ್ ಗಿಡದ ಬೀಜವೂ ಅಷ್ಟೇ ಕೆಟ್ಟದ್ದು, ಅದು ಲಿವರಿಗೆ ಪೆಟ್ಟು ಕೊಡುತ್ತದೆ.

ನಾಯಿ ಸಾಕಿದವರಿಗೆ ಅತ್ಯಂತ ಹೇಸಿಗೆ ತರುವ ಅಭ್ಯಾಸ ಮಾತ್ರ ಅಷ್ಟು ಭಯದ್ದಲ್ಲ. ನಾಯಿ ನಾಯಿಯ ಮಲ ತಿನ್ನುವುದರ ಬಗ್ಗೆ ಹಾರ್ಟ್ ತಂಡವೇ 2018ರಲ್ಲಿ ಅಧ್ಯಯನ ಪ್ರಕಟಿಸಿತು. ಶೇ 16 ನಾಯಿಗಳು ಪದೇ ಪದೇ ಹೀಗೆ ಮಾಡುವಂಥವು, ತಿನ್ನುವುದು ಹೆಚ್ಚಾಗಿ ಎರಡು ದಿನದೊಳಗಿನ ಮಲ. ಪರೋಪಜೀವಿಗಳ ಮೊಟ್ಟೆ ಮರಿಯಾಗಿ ಸೋಂಕು ತಗಲಿಸಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಸಮಯ ಬೇಕು. ಹಾಗಾಗಿ ಗವಿಯನ್ನು ಚೊಕ್ಕಟವಾಗಿಡುತ್ತಿದ್ದ ತೋಳದ ಬುದ್ಧಿ ಇದು ಎಂಬುದು ಅವರ ಊಹೆ. ಬಿಡಿಸುವುದಕ್ಕೆಂದು ಅಂಗಡಿಯಲ್ಲಿ ಸಿಗುವ ಪುಡಿ, ಮಾತ್ರೆಗಳು ಫಲ ಕೊಟ್ಟದ್ದು ನೂರಕ್ಕೆ ಎರಡು ಕಡೆಯೂ ಕಷ್ಟ. ಮಲವನ್ನು ಕೂಡಲೇ ಎತ್ತುವುದೊಂದೇ ದಾರಿ, ಖಾಲಿದಿಯಾದ ಫುಟ್‌ಪಾತಿನಲ್ಲಿ ಅದು ಹೇಗೂ ಮಾಡಲೇಬೇಕಾದ ಕೆಲಸ. ಆದರೆ ಹಿಂದೆ ಇಲ್ಲದ ಚಟ ಒಮ್ಮೆಲೇ ಶುರುವಾಗಿ ನಾಯಿ ಮಣ್ಣು, ಮರಳು, ಕಲ್ಲು ನೆಕ್ಕತೊಡಗಿದರೆ ರಕ್ತ ಪರೀಕ್ಷೆ ಮಾಡಿಸಬೇಕು. ರಕ್ತಹೀನತೆಯೋ, ಮೇದೋಜೀರಕ ಗ್ರಂಥಿಯ ತೊಂದರೆಯೋ ಇರಬಹುದು.

ಕನ್ನಡದ ಮನೆಗಳು ವಿಶೇಷವಾಗಿ ಗಮನ ಇಡಬೇಕಾದ್ದು ಅಡುಗೆಮನೆಯಲ್ಲೇ ಇದೆ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆ ಎಂಬುದು ಬಹುಕಾಲದಿಂದ ಗೊತ್ತಿದ್ದರೂ ಕಾರಣ ಗೊತ್ತಿರಲಿಲ್ಲ. ಮಕ್ಕಳ ಆಟಕ್ಕೆಂದು ಮನೆಯಲ್ಲೇ ಕಲಸಿದ ಹಿಟ್ಟನ್ನು ತಿಂದ ನಾಯಿಯೊಂದರ ಪ್ರಕರಣದಿಂದ ಅಮೆರಿಕದ ಪಶುವಿಷ ತಜ್ಞರಿಗೆ ಸುಳಿವು ಹತ್ತಿತು. ಆ ಹಿಟ್ಟಿನಲ್ಲಿದ್ದದ್ದು ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲಿರುವುದೂ ಅದೇ ಆಮ್ಲ, ಹುಣಸೆಹಣ್ಣಿನಲ್ಲಿ ಅದು ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳ ಮೂತ್ರಪಿಂಡಕ್ಕೂ ಅದೇ ಬಗೆಯ ಪೆಟ್ಟು ಬಿದ್ದದ್ದನ್ನು ಅವರು 2022ರಲ್ಲಿ ವರದಿ ಮಾಡಿದರು. ಊರಿಂದ ತಂದಿಟ್ಟ ಹುಣಸೆ ಉಂಡೆ, ಕಿವುಚಿ ಬಿಸಾಡಿದ ಹಿಪ್ಪೆ, ಪುಳಿಯೋಗರೆ ಗೊಜ್ಜು, ಮೀನಿನ ಗಸಿ ಉಳಿದ ಪಾತ್ರೆ, ಇವೆಲ್ಲ ನಾಯಿಗೆ ಎಟುಕದ ಜಾಗದಲ್ಲಿರಬೇಕು. ಅನ್ನದ ಜೊತೆ ಸಾರು ಕಲಸಿ ಹಾಕುವುದು ಪ್ರೀತಿಯಿಂದಲೇ ಆದರೂ ಬಿಟ್ಟುಬಿಡುವುದು ಒಳ್ಳೆಯದು. ಸಾರಿಗೆ ಬಿದ್ದ ಈರುಳ್ಳಿ, ಬೆಳ್ಳುಳ್ಳಿಯೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಇಂಥದ್ದೇನಾದರೂ ತಿಂದದ್ದು ಕಣ್ಣಿಗೆ ಬಿದ್ದರೆ ಲಕ್ಷಣ ತೋರುವವರೆಗೆ ಕಾಯಬಾರದು. ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು: ವೈದ್ಯರು ಮೊದಲು ಕೇಳುವುದು ಇಷ್ಟು. ತಿಂದದ್ದು ಎಲೆಯಾದರೆ ಅದರ ತುಂಡೊಂದನ್ನು ಒಯ್ದರೆ, ಇಲ್ಲವೇ ಫೋಟೊ ತೆಗೆದುಕೊಂಡು ಹೋದರೆ ಅವರಿಗೆ ಸಮಯ ಉಳಿಯುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಮಾತ್ರ ಬೇಡ. ವಿಷದಿಂದಲ್ಲ, ಕುಡಿಸಿದ ಉಪ್ಪಿನಿಂದಲೇ ನಾಯಿಗಳು ಸತ್ತದ್ದುಂಟು.