ಪೇಸ್ಟಿನ ಪೊಟ್ಟಣದ ಆನೆ

ಬಿನಾಕಾ ಎಂದರೆ ಹಿರಿಯರಿಗೆ ನೆನಪಾಗುವುದು ಹಾಡು. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ‘ಬಿನಾಕಾ ಗೀತ್‌ಮಾಲಾ’, ಬುಧವಾರದ ರಾತ್ರಿ, ಅಮೀನ್ ಸಯಾನಿಯವರ ದನಿ. ಎಪ್ಪತ್ತರ ದಶಕದಲ್ಲಿ ಮಕ್ಕಳಾಗಿದ್ದ ನಮಗೆ ಮಾತ್ರ ಬಿನಾಕಾ ಎಂದರೆ ಹಾಡೂ ಅಲ್ಲ, ಹಲ್ಲುಜ್ಜುವ ಪೇಸ್ಟೂ ಅಲ್ಲ. ಪೇಸ್ಟಿನ ಪೊಟ್ಟಣದೊಳಗೆ ಸಿಗುತ್ತಿದ್ದ ಪುಟಾಣಿ ಪ್ಲಾಸ್ಟಿಕ್ ಪ್ರಾಣಿ.

ಜಾತ್ರೆಯಲ್ಲಿ ಚನ್ನಪಟ್ಟಣದ ಬುಗುರಿ ಮಾರುವವನು ಸರಕನ್ನೆಲ್ಲ ಚಾಪೆಯ ಮೇಲೆ ಹರಡಿರುತ್ತಿದ್ದ. ನೋಡಿ, ಮುಟ್ಟಿ, ಚೌಕಾಸಿ ಮಾಡಿ ಕೊಳ್ಳಬಹುದಿತ್ತು. ಪೇಸ್ಟಿನವರ ಜಾಣತನವೇ ಬೇರೆ. ಒಳಗಿರುವುದು ಯಾವ ಪ್ರಾಣಿಯೋ ಬಿಚ್ಚುವವರೆಗೂ ತಿಳಿಯದು. ಇದ್ದದ್ದೇ ಮತ್ತೆ ಬಂದರೆ ಮುಂದಿನ ಪೊಟ್ಟಣದವರೆಗೆ ಕಾಯಬೇಕು. ನನ್ನ ತಮ್ಮ ಬ್ರಷ್ಷಿನ ಮೇಲೆ ಧಾರಾಳವಾಗಿ ಪೇಸ್ಟು ಹಿಂಡುತ್ತಿದ್ದುದು ಹಲ್ಲಿನ ಕಾಳಜಿಯಿಂದಲ್ಲ, ಟ್ಯೂಬು ಬೇಗ ಮುಗಿಯಲೆಂದು. ಅಮ್ಮನಿಗೆ ಅದು ತಿಳಿಯದೇ? ಖಾಲಿಯಾದ ಟ್ಯೂಬನ್ನು ಲಟ್ಟಣಿಗೆಯಿಂದ ಒತ್ತಿ ಇನ್ನೂ ನಾಲ್ಕು ದಿನ ಸಾಗಿಸುತ್ತಿದ್ದಳು.

ಅದೇ 1952ರಲ್ಲಿ ಅಮೆರಿಕದಲ್ಲಿ ‘ಮಿಸ್ಟರ್ ಪೊಟ್ಯಾಟೊ ಹೆಡ್’ ಎಂಬ ಆಟಿಕೆ ಬಂತು. ಪೆಟ್ಟಿಗೆಯಲ್ಲಿದ್ದದ್ದು ಕಣ್ಣು, ಮೂಗು, ಕಿವಿಗಳಂಥ ತುಣುಕುಗಳು. ಚುಚ್ಚಲು ಆಲೂಗಡ್ಡೆಯನ್ನು ಅಡಿಗೆಮನೆಯಿಂದಲೇ ತರಬೇಕಿತ್ತು. ಪ್ಲಾಸ್ಟಿಕ್ಕಿನ ಆಲೂಗಡ್ಡೆ ಸೇರಿದ್ದು 1964ರಲ್ಲಿ. ಟೆಲಿವಿಷನ್ನಿನಲ್ಲಿ ಜಾಹೀರಾತು ಕಂಡ ಮೊದಲ ಆಟಿಕೆ ಅದು. ಆ ಜಾಹೀರಾತು ತಂದೆತಾಯಿಯರನ್ನು ಬಿಟ್ಟು ನೇರವಾಗಿ ಮಕ್ಕಳನ್ನೇ ಮಾತಾಡಿಸಿತು. ದುಡ್ಡು ಕೊಡುವವರು ದೊಡ್ಡವರು, ಹಟ ಹಿಡಿಯುವವರು ಮಕ್ಕಳು ಎಂಬ ಗುಟ್ಟು ವ್ಯಾಪಾರಿಗಳಿಗೆ ತಿಳಿದಿತ್ತು. ನಮ್ಮ ಪೇಸ್ಟಿನ ಪೊಟ್ಟಣ ಟೆಲಿವಿಷನ್ನಿನ ಹಂಗಿಲ್ಲದೆಯೇ ಅದೇ ಕೆಲಸ ಮಾಡಿತು. ‘ಈಗ ಬೇಡ’ ಎನ್ನುವ ನಿಷ್ಠುರ ಮಾತ್ರ ಅಮ್ಮನ ಪಾಲಿಗೆ ಬಂತು.

ಪಕ್ಕದ ಮನೆಯವರು ಇದ್ದಿಲ ಪುಡಿಯಲ್ಲೇ ಹಲ್ಲುಜ್ಜುತ್ತಿದ್ದರು. ಆ ಮನೆಯ ಹುಡುಗಿ ನನ್ನ ಓರಗೆಯವಳು. ನಮ್ಮ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತಿದ್ದ ಪ್ರಾಣಿಗಳನ್ನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದಳು, ಮುಟ್ಟುತ್ತಿರಲಿಲ್ಲ. ತಮ್ಮ ಅವಳೆದುರು ಎಣಿಸಿ ತೋರಿಸುತ್ತಿದ್ದ. ಒಂದು ದಿನ ಅಮ್ಮ, “ಎಣಿಸಿದ್ದು ಸಾಕು ಕಣೋ, ಕೆಳಗಿಳಿಸಿ ಮೂವರೂ ಆಡಿಕೊಳ್ಳಿ” ಎಂದಳು. ಆ ಹುಡುಗಿ ಹಿತ್ತಲಿನ ಜೇಡಿಮಣ್ಣಿನಲ್ಲಿ ಗುಡ್ಡ, ಕೆರೆ, ದನದ ಕೊಟ್ಟಿಗೆ ಎಲ್ಲ ಮಾಡಿದಳು. ಅಷ್ಟು ದಿನ ಸಾಲಿನಲ್ಲಿ ನಿಂತಿದ್ದ ಆನೆ ಅವಳ ಕೆರೆಗೆ ನೀರಿಗಿಳಿಯಿತು.

ಬಿನಾಕಾ ಮುಂದೆ ಸಿಬಾಕಾ ಆಯಿತು. 1994ರಲ್ಲಿ ಕೋಲ್ಗೇಟ್ ಕಂಪನಿಯ ಕೈಸೇರಿತು. ಪೊಟ್ಟಣದ ಆಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಯಾರೋ ಆಟಿಕೆಯ ಪೆಟ್ಟಿಗೆ ಬಿಚ್ಚುವುದನ್ನು ನನ್ನ ತರಗತಿಯ ಮಕ್ಕಳು ಮೊಬೈಲಿನಲ್ಲಿ ನೋಡಿ ಬಂದು, ತಮಗೂ ಅದೇ ಬೇಕೆನ್ನುತ್ತಾರೆ. ‘ಬೇಡ ಅಂದರೆ ನಾನೇ ಕೆಟ್ಟವಳಾಗುತ್ತೇನೆ, ಮಿಸ್’ ಎಂದು ತಾಯಂದಿರು ಅಳಲು ತೋಡಿಕೊಳ್ಳುತ್ತಾರೆ. ಬೇಡವೆನ್ನಲು ಅಂಜಬೇಕಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸದೆ, ಆಡಲು ಪಕ್ಕದ ಮನೆಯ ಮಗುವನ್ನೂ ಕರೆಯಿರಿ ಎನ್ನುತ್ತೇನೆ.