ಬ್ರೆಡ್‌ಬೋರ್ಡ್ ಮೇಲೆ ನಂಗಲಿ ನೀರು

ಬ್ರೆಡ್‌ಬೋರ್ಡ್ ಅಂದ ಕೂಡಲೇ ನಮ್ಮಮ್ಮ ಕೇಳಿದ್ದು, "ಇದ್ರಲ್ಲಿ ಬ್ರೆಡ್ ಎಲ್ಲಿದೆಯೋ?" ಅಂತ. ಸರಿಯಾದ ಪ್ರಶ್ನೆಯೇ. ಹಿಂದೆ ರೇಡಿಯೋ ಹುಚ್ಚಿನವರು ಬ್ರೆಡ್ ಕೊಯ್ಯೋ ಮರದ ಹಲಗೆಗೆ ಮೊಳೆ ಹೊಡೆದು, ತಂತಿ ಸುತ್ತಿ ಸರ್ಕ್ಯೂಟ್ ಕಟ್ಟುತ್ತಿದ್ದರಂತೆ. ಹಲಗೆ ಹೋಯಿತು, ಹೆಸರು ಉಳಿಯಿತು. ಈಗಿನ ಬಿಳಿ ಪ್ಲಾಸ್ಟಿಕ್ ಬೋರ್ಡಿನ ವಿನ್ಯಾಸಕ್ಕೆ ಅಮೆರಿಕದ ರೊನಾಲ್ಡ್ ಪೋರ್ಚುಗಲ್ ಎಂಬುವರು ಪೇಟೆಂಟ್ ಅರ್ಜಿ ಹಾಕಿದ್ದು 1971ರಲ್ಲಿ. ನನ್ನ ಬೋರ್ಡಿನಲ್ಲಿ 830 ತೂತುಗಳಿವೆ. ನಡುವಿನವು ಐದೈದಾಗಿ ಒಳಗಡೆ ಒಂದೊಂದು ಲೋಹದ ಪಟ್ಟಿಗೆ ಸೇರಿರುತ್ತವೆ, ಅಂಚಿನ ಉದ್ದ ಸಾಲುಗಳು ಪ್ಲಸ್ಸು ಮೈನಸ್ಸಿಗೆ. ಚುಚ್ಚಿದರೆ ಸಂಪರ್ಕ, ಕಿತ್ತರೆ ಇಲ್ಲ. ಬೆಸುಗೆ ಬೇಡ.

ಇಂಜಿನಿಯರಿಂಗ್ ಓದುವಾಗ ನಾಲ್ಕು ಜನಕ್ಕೆ ಒಂದು ಬೋರ್ಡು, ನನ್ನ ಕೈಗೆ ಬರೋಷ್ಟರಲ್ಲಿ ಲ್ಯಾಬ್ ಮುಗಿದಿರುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಕೆಲಸ. ದಿನವಿಡೀ ಬರೆದದ್ದು ಯಾವುದೋ ದೇಶದ ಸರ್ವರಿನಲ್ಲಿ ಓಡುತ್ತೆ, ಮುಟ್ಟಿ ನೋಡೋ ಹಾಗಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಬೋರ್ಡು, ರೆಸಿಸ್ಟರು, ಬಜರು ತಂದಿದ್ದಕ್ಕೆ ಇದೂ ಒಂದು ಕಾರಣ.

ದೊಡ್ಡ ಕಾರಣ ಅಮ್ಮ. ನಮ್ಮೂರು ನಂಗಲಿ, ಮುಳಬಾಗಿಲು ದಾಟಿ ಆಂಧ್ರದ ಗಡಿ ಮುಟ್ಟೋ ಮುಂಚೆ ಸಿಗುತ್ತೆ. ನೀರು ತುಂಬಿ ಹರಿದು ಹೋದರೆ ಕರುಳು ಚುರ್ ಅನ್ನೋ ಸೀಮೆ ನಮ್ಮದು. ಹಾಗಾಗಿ ಮೋಟಾರ್ ಹಾಕಿದಾಗಲೆಲ್ಲ ಅಮ್ಮ ಏಣಿ ಹತ್ತಿ ಟ್ಯಾಂಕ್ ಇಣುಕೋರು. ಹೋದ ವರ್ಷ ಕಾಲು ಜಾರಿ ಮಣಿಕಟ್ಟು ಮುರಿಯಿತು. ನನಗೆ ಫೋನಲ್ಲಿ ಹೇಳಿದ್ದು ಪ್ಲಾಸ್ಟರ್ ಬಿಚ್ಚಿಸಿದ ಮೇಲೆ!

ರೆಡಿಮೇಡ್ ಅಲಾರಂ ಅಂಗಡೀಲಿ ಸಿಗುತ್ತೆ, ಗೊತ್ತು. ಆದರೂ ನಾನೇ ಮಾಡಬೇಕು ಅನ್ನಿಸಿತು. ಬೇಕಾದ್ದು ಇಷ್ಟೇ: ಬಿಸಿ547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರು, ಬಜರು, 9 ವೋಲ್ಟ್ ಬ್ಯಾಟರಿ. ಎರಡು ತಂತಿ ಟ್ಯಾಂಕಿನೊಳಗೆ, ಒಂದು ತಳದವರೆಗೆ, ಇನ್ನೊಂದು ಕಂಠದವರೆಗೆ. ನೀರು ಮೇಲಿನ ತಂತಿ ಮುಟ್ಟಿದಾಗ ಅದರ ಮೂಲಕ ಚೂರೇ ಚೂರು ಕರೆಂಟ್ ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತೆ, ಅದು ಬಜರನ್ನು ಕೂಗಿಸುತ್ತೆ.

ಬೆಂಗಳೂರಿನ ರೂಮಿನಲ್ಲಿ ಫಿಲ್ಟರ್ ನೀರಿನ ಲೋಟದಲ್ಲಿ ಪರೀಕ್ಷಿಸಿದಾಗ ಬಜರು ನೆಗಡಿ ಬಂದವರ ಹಾಗೆ ಕೂಗಿತು. ಅದೇ ಬೋರ್ಡನ್ನು ನಂಗಲಿಗೆ ಒಯ್ದು ನಮ್ಮ ನೀರಿಗೆ ಇಳಿಸಿದರೆ ಮನೆಯೆಲ್ಲ ಕೇಳಿಸಿತು. ಕರೆಂಟ್ ಹರಿಸೋದು ನೀರಿನಲ್ಲಿ ಕರಗಿರೋ ಲವಣ. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತೆ ಅಂತ ನಾವು ಬೈಯ್ಯೋ ಗಡಸು ಬೋರ್‌ವೆಲ್ ನೀರು ಇಲ್ಲಿ ಉಪಕಾರಕ್ಕೆ ಬಂತು. ಅದೇ ಲವಣ ಅಪಕಾರವನ್ನೂ ಮಾಡಿತು. ಕೆಲವೇ ವಾರಗಳಲ್ಲಿ ಪ್ಲಸ್ ಕಡೆಯ ತಾಮ್ರದ ತುದಿ ಹಸಿರುಗಟ್ಟಿ ಸವೆಯತೊಡಗಿತು. ತುದಿಗಳಿಗೆ ಸ್ಟೀಲ್ ಸ್ಕ್ರೂ ಕಟ್ಟಿದ ಮೇಲೆ ಪರವಾಗಿಲ್ಲ.

ಬ್ರೆಡ್‌ಬೋರ್ಡನ್ನು ಹಾಗೇ ಕಿಟಕಿ ಮೇಲಿಡೋಕೆ ಆಗಲ್ಲ. ಗಾಳಿಗೆ ಒಂದು ತಂತಿ ಸಡಿಲವಾದರೆ ಅಮ್ಮ ಬಜರಿಗೆ ಕಾದು ಕೂತಿರುತ್ತಾರೆ, ನೀರು ಬೀದಿಗೆ ಹರಿಯುತ್ತಿರುತ್ತೆ. ಅದು ಮನಸ್ಸು ಬದಲಾಯಿಸೋ ಸ್ವಾತಂತ್ರ್ಯ ಇರೋವರೆಗಿನ ಜಾಗ. ಕೊನೆಗೆ ಎಲ್ಲವನ್ನೂ ಬೇರೆ ಬೋರ್ಡಿಗೆ ಬೆಸುಗೆ ಹಾಕಿ ಡಬ್ಬಿಯೊಳಗೆ ಕೂರಿಸಿದೆ. ಏಣಿಯನ್ನು ಅಪ್ಪ ಕೊಟ್ಟಿಗೆಗೆ ಸಾಗಿಸಿದರು.

ಈಗ ಎದುರು ಮನೆಯ ಚಿಕ್ಕಮ್ಮನಿಗೂ ಒಂದು ಬೇಕಂತೆ. "ಅವರದ್ದು ಬೇರೆ ಥರ ಕೂಗಬೇಕು, ಇಲ್ಲಾಂದ್ರೆ ಯಾರ ಮನೆ ಟ್ಯಾಂಕು ತುಂಬ್ತು ಅಂತ ಹೆಂಗೆ ಗೊತ್ತಾಗತ್ತೆ?" ಅನ್ನೋದು ಅಮ್ಮನ ಷರತ್ತು. ಅದಕ್ಕೆ 555 ಟೈಮರ್ ಐಸಿ ಬೇಕು. ಬ್ರೆಡ್‌ಬೋರ್ಡ್ ಮತ್ತೆ ಹೊರಗೆ ಬಂದಿದೆ.