ಮಳೆಗೆ ಕರಗಿದ ಊರು

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ, ಲಿಬಿಯಾದ ಗಡಿಗೆ ಸುಮಾರು 50 ಕಿಲೋಮೀಟರ್ ಹತ್ತಿರದಲ್ಲಿ, ಸೀವಾ ಎಂಬ ಓಯಸಿಸ್ ಇದೆ. ಮೆಡಿಟರೇನಿಯನ್ ದಂಡೆಯ ಮರ್ಸಾ ಮತ್ರೂಹ್‌ನಿಂದ ಬಸ್ಸಿನಲ್ಲಿ 300 ಕಿಲೋಮೀಟರಿನಷ್ಟು ದಾರಿ. ಕಿಟಕಿಯಾಚೆ ಗಂಟೆಗಟ್ಟಲೆ ಒಂದೇ ಬಣ್ಣದ ಬೋಳು ನೆಲ. ಆಮೇಲೆ ದಾರಿ ಇಳಿಯತೊಡಗುತ್ತದೆ. ಸಮುದ್ರಮಟ್ಟಕ್ಕಿಂತಲೂ ಸುಮಾರು 18 ಮೀಟರ್ ತಗ್ಗಿನಲ್ಲಿ ಖರ್ಜೂರದ ತೋಪುಗಳು, ಆಲಿವ್ ತೋಟಗಳು, ಅವುಗಳ ನಡುವೆ ಕಣ್ಣು ಕೋರೈಸುವ ಉಪ್ಪುನೀರಿನ ಕೆರೆಗಳು! ಮರಳುಗಾಡಿನಲ್ಲಿ ನೀರು ಕಂಡರೆ ಬೆರಗಾಗುತ್ತದೆಂದು ಗೊತ್ತಿತ್ತು. ಇಷ್ಟೊಂದು ನೀರು ಕಾಣುತ್ತೇನೆಂದು ಎಣಿಸಿರಲಿಲ್ಲ.

ತೋಪಿನೊಳಗೆ ಕತ್ತೆಗಾಡಿಯಲ್ಲಿ ಹೋದೆ. ಇಕ್ಕೆಲದಲ್ಲೂ ಒಣಗಿದ ಗರಿಗಳ ಬೇಲಿ, ಬೇಲಿಯ ಬುಡದಲ್ಲಿ ಕಾಲುವೆಯ ಜುಳುಜುಳು. ಕ್ಲಿಯೋಪಾತ್ರಳ ಕೊಳವೆಂದು ಈಗ ಹೆಸರಾಗಿರುವ ಚಿಲುಮೆ ದುಂಡಗಿನ ಕಲ್ಲುಕಟ್ಟೆಯ ಬಾವಿಯಂತಿದೆ. ಅವಳು ಇಲ್ಲಿ ಮಿಂದಳೆನ್ನಲು ಆಧಾರವೇನೂ ಇಲ್ಲ. ಆದರೆ ಸೀವಾದಲ್ಲಿ ಸೂರ್ಯನ ಚಿಲುಮೆಯೊಂದಿದೆ ಎಂದು ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಅದು ಇದೇ ಎಂದು ಹಲವರ ನಂಬಿಕೆ. ಬೆಳಗಿಗೆ ಉಗುರುಬೆಚ್ಚಗೆ, ನಡುಹಗಲಿಗೆ ತಣ್ಣಗೆ, ನಡುರಾತ್ರಿಗೆ ಕುದಿಯುವಷ್ಟು ಬಿಸಿ ಎಂದು ಅವನ ವರ್ಣನೆ. ಚಳಿಗಾಲದ ಮುಂಜಾವಿನಲ್ಲಿ ಕಾಲಿಳಿಬಿಟ್ಟು ಕುಳಿತಾಗ ಆ ಮಾತಿನ ಮೂಲ ಹೊಳೆಯಿತು. ಆಳದಿಂದ ಬರುವ ನೀರಿನ ಬಿಸಿ ಹೆಚ್ಚುಕಡಿಮೆ ಒಂದೇ ಸಮ, ಏರಿಳಿಯುವುದು ಹೊರಗಿನ ಗಾಳಿ. ಮೈ ನಡುಗುವ ಹೊತ್ತಿನಲ್ಲಿ ಆ ನೀರು ಕಾಯಿಸಿಟ್ಟಂತೆಯೇ ಇತ್ತು. ತಳದಿಂದ ಗುಳ್ಳೆಗಳ ಸರಗಳು ಏಳುತ್ತಲೇ ಇದ್ದವು. ಸಹಾರಾದಲ್ಲಿ ಮಳೆ ಸುರಿಯುತ್ತಿದ್ದ ಕಾಲದಲ್ಲಿ ಇಂಗಿ, ನೂಬಿಯನ್ ಮರಳುಗಲ್ಲಿನ ಪದರದಲ್ಲಿ ಸಾವಿರಾರು ವರ್ಷ ಕೂತ ನೀರು ಈಗ ನನ್ನ ಬೊಗಸೆಯಲ್ಲಿದೆ ಎಂದು ನೆನೆದಾಗ ಮೈ ಜುಮ್ಮೆಂದಿತು.

ಅಲ್ಲಿಂದ ಅಗುರ್ಮಿಯ ದಿಬ್ಬ ದೂರವಿಲ್ಲ. ದಿಬ್ಬದ ತುದಿಯಲ್ಲಿ ಆಮುನ್ ದೇವರ ಗುಡಿ, ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಅಮಾಸಿಸ್ ಎಂಬ ಫೇರೋ ಕಾಲದ್ದು. ಗ್ರೀಸಿನಿಂದಲೂ ಜನ ಕಡಲು ದಾಟಿ ಇಲ್ಲಿಗೆ ಅಪ್ಪಣೆ ಕೇಳಲು ಬರುತ್ತಿದ್ದರು. ಪೂಜಾರಿಗಳು ದೇವರನ್ನು ಬಂಗಾರದ ದೋಣಿಯಲ್ಲಿಟ್ಟು ಹೆಗಲ ಮೇಲೆ ಹೊರುತ್ತಿದ್ದರಂತೆ. ದೇವರು ತೂಗಿದ, ಬಾಗಿದ ಬಗೆಯೇ ಉತ್ತರ. ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅಡ್ಡೆಯ ಮೇಲೆ ಕುಣಿದು ಅಪ್ಪಣೆ ಕೊಡುವ ದೇವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರಿಸ್ತಪೂರ್ವ 331ರಲ್ಲಿ ಅಲೆಕ್ಸಾಂಡರ್ ಬಂದದ್ದೂ ಇಲ್ಲಿಗೇ. ದಾರಿ ತಪ್ಪಿದಾಗ ಕಾಗೆಗಳು ಮುಂದೆ ಹಾರಿ ದಾರಿ ತೋರಿದವೆಂದು ಅವನ ಕತೆ ಬರೆದವರು ಹೇಳುತ್ತಾರೆ. ಪೂಜಾರಿ ಅವನನ್ನು ದೇವರ ಮಗನೆಂದು ಕರೆದನಂತೆ. ಏನು ಕೇಳಿದ, ಏನು ಉತ್ತರ ಬಂತು ಎಂಬುದನ್ನು ಅವನು ಬಯಲು ಮಾಡಲಿಲ್ಲ. ಅವನು ಸತ್ತ ಮೇಲೆ ಅವನ ದಂಡನಾಯಕ ಲಿಸಿಮಾಕಸ್ ಹೊರಡಿಸಿದ ನಾಣ್ಯಗಳಲ್ಲಿ ಅಲೆಕ್ಸಾಂಡರನ ಕಿವಿಯ ಮೇಲೆ ಆಮುನ್ ದೇವರ ಟಗರುಕೊಂಬು ಸುತ್ತಿಕೊಂಡಿದೆ. ಜಗತ್ತನ್ನು ಗೆಲ್ಲಲು ಹೊರಟವನು ನಿಂತ ಗರ್ಭಗುಡಿ ನಮ್ಮೂರ ಸಣ್ಣ ಗುಡಿಯದಕ್ಕಿಂತ ದೊಡ್ಡದೇನಲ್ಲ. ಹೊಸ್ತಿಲಲ್ಲಿ ನಿಂತು ಕೆಳಗೆ ನೋಡಿದರೆ ದಿಗಂತದವರೆಗೂ ಖರ್ಜೂರದ ತಲೆಗಳು.

ಕೆಳಗಿನ ಉಮ್ ಉಬೈದಾ ದೇಗುಲದಲ್ಲಿ ಉಳಿದಿರುವುದು ಚಿತ್ರಲಿಪಿ ತುಂಬಿದ ಒಂದೇ ಗೋಡೆ. 1811ರ ಭೂಕಂಪ ಅರ್ಧ ಕೆಡವಿತು. ಅದೇ ಶತಮಾನದ ಕೊನೆಯಲ್ಲಿ ಅಧಿಕಾರಿಯೊಬ್ಬ ಕಟ್ಟಡದ ಕಲ್ಲಿಗಾಗಿ ಸಿಡಿಮದ್ದಿಟ್ಟು ಮಿಕ್ಕಿದ್ದನ್ನು ಉರುಳಿಸಿದ. ನೋಡುತ್ತಾ ಹೊಟ್ಟೆ ಉರಿಯಿತು. ಜೆಬೆಲ್ ಅಲ್ ಮವ್ತಾ ಎಂಬ ಸತ್ತವರ ಬೆಟ್ಟಕ್ಕೆ ಹೋದಾಗ ಮನಸ್ಸು ತುಸು ತಿಳಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಬಾಂಬುಗಳಿಗೆ ಹೆದರಿ ಊರವರು ಇಲ್ಲಿನ ಗೋರಿಗವಿಗಳಲ್ಲಿ ಅಡಗಿದಾಗ, ಅಲ್ಲಿಯವರೆಗೆ ಯಾರಿಗೂ ತಿಳಿಯದ ಗೋರಿಗಳು ಬೆಳಕಿಗೆ ಬಂದವು. ಸಿ-ಆಮುನ್ ಎಂಬವನ ಗೋರಿಯಲ್ಲಿ ನೂಟ್ ದೇವಿ ಅತ್ತಿಮರದ ಬಳಿ ನಿಂತಿದ್ದಾಳೆ. ಮನೆಯೊಡೆಯನಿಗೆ ಗ್ರೀಕರಂತೆ ಕಪ್ಪು ಗಡ್ಡ, ಸುತ್ತಲಿನ ದೇವರುಗಳೆಲ್ಲ ಈಜಿಪ್ಟಿನವರು.

ಊರಿನ ನಡುವಿನ ಶಾಲಿ ಕೋಟೆಯನ್ನು ಮಾತ್ರ ಎಷ್ಟು ನೋಡಿದರೂ ತಣಿಯಲಿಲ್ಲ. 1203ರಲ್ಲಿ ಕಟ್ಟತೊಡಗಿದ ಊರು ಇದು; ದಾಳಿಗಳಲ್ಲಿ ಉಳಿದುಕೊಂಡಿದ್ದ ನಲವತ್ತು ಗಂಡಸರು ಕಟ್ಟಿದರೆಂದು ಸ್ಥಳೀಯ ಹಸ್ತಪ್ರತಿ ಹೇಳುತ್ತದೆ. ಕಟ್ಟಲು ಬಳಸಿದ್ದು ಕೆರ್ಶೆಫ್, ಅಂದರೆ ಕೆರೆದಂಡೆಯ ಉಪ್ಪುಗಟ್ಟಿದ ಹೆಂಟೆಗಳು, ಅವನ್ನು ಬೆಸೆಯಲು ಜೇಡಿಮಣ್ಣು. ತೊಲೆಗೆ ಖರ್ಜೂರದ ಕಾಂಡ, ಬಾಗಿಲಿಗೆ ಆಲಿವ್ ಮರ. ಬಿಸಿಲಿಗೆ ಒಣಗಿದಷ್ಟೂ ಉಪ್ಪು ಹರಳುಗಟ್ಟಿ ಗೋಡೆ ಬಿಗಿಯಾಗುತ್ತದೆ. ಹೊರಗೆ ಸುಡುವಾಗ ಒಳಗೆ ತಂಪು. ವರ್ಷಕ್ಕೆ ನಾಲ್ಕು ಹನಿಯೂ ಬೀಳದ ಸೀಮೆಗೆ ಇದಕ್ಕಿಂತ ಒಳ್ಳೆಯ ಮನೆ ಯಾವುದು? ಮಕ್ಕಳು ಮೊಮ್ಮಕ್ಕಳಾದಂತೆ ಮನೆಯ ಮೇಲೆ ಮನೆ ಏರಿಸುತ್ತಾ ಏಳುನೂರು ವರ್ಷ ಬಾಳಿದರು. 1926ರಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯಿತು. ದಾಳಿಗಳನ್ನು ತಡೆಯಲು ಕಟ್ಟಿದ ಊರು ಮಳೆಗೆ ಕರಗಿತು. ಜನ ಬೆಟ್ಟ ಇಳಿದು ಬಯಲಲ್ಲಿ ಮನೆ ಮಾಡಿಕೊಂಡರು. ಈಗ ಉಳಿದಿರುವ ಗೋಡೆಗಳಿಗೆ ಮೂಲೆಯೇ ಇಲ್ಲ, ಎಲ್ಲವೂ ನುಣುಪಾಗಿ ಜಾರಿವೆ. ಸಂಜೆಬಿಸಿಲಿಗೆ ಗೋಡೆಯೊಳಗಿನ ಹರಳುಗಳು ಮಿಣುಕುತ್ತವೆ. ಕೆಲವು ಭಾಗಗಳನ್ನು 2020ರ ಹೊತ್ತಿಗೆ ಹಳೆಯ ಕೆರ್ಶೆಫ್‌ನಿಂದಲೇ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಸಿಮೆಂಟ್ ಬಳಿಯದೆ ಹಾಗೆ ಮಾಡಿದ್ದು ನನಗೆ ಬಹಳ ಹಿಡಿಸಿತು.

ಕೋಟೆಯ ನೆತ್ತಿಯಿಂದ ಪಶ್ಚಿಮದ ಕೆರೆ ಕಾಣುತ್ತದೆ. ಉಪ್ಪು ತೆಗೆದ ಹೊಂಡಗಳಲ್ಲಿ ನಿಂತ ತಿಳಿನೀಲಿ ನೀರಿನಲ್ಲಿ ಪ್ರವಾಸಿಗರು ತೇಲುತ್ತಾರೆ. ನಾನೂ ತೇಲಿದೆ, ಕೈಕಾಲು ಆಡಿಸದಿದ್ದರೂ ನೀರು ಎತ್ತಿ ಹಿಡಿಯುತ್ತದೆ, ಮಗುವಿನಂತೆ ನಕ್ಕೆ. ಆದರೆ ದಂಡೆಯಲ್ಲಿ ತಲೆ ಕಳೆದುಕೊಂಡ ಖರ್ಜೂರದ ಕಾಂಡಗಳು ಸಾಲಾಗಿ ನೀರಿನಲ್ಲಿ ನಿಂತಿದ್ದವು. ಗಾಡಿ ಹೊಡೆಯುವ ಹುಡುಗ ಕೈ ತೋರಿಸಿ, "ಅಜ್ಜನ ತೋಟ ಅಲ್ಲಿತ್ತು," ಎಂದ. ಇತ್ತೀಚಿನ ದಶಕಗಳಲ್ಲಿ ಲೆಕ್ಕವಿಲ್ಲದಷ್ಟು ಕೊಳವೆಬಾವಿ ಕೊರೆದರು. ತೋಟಕ್ಕೆ ಹಾಯಿಸಿ ಮಿಕ್ಕ ನೀರಿಗೆ ಈ ತಗ್ಗಿನಿಂದ ಹೊರಹೋಗುವ ದಾರಿಯಿಲ್ಲ. ಅದು ನೆಲದ ಉಪ್ಪನ್ನು ಕರಗಿಸಿಕೊಂಡು ಕೆರೆಗೆ ಸೇರುತ್ತದೆ, ಕೆರೆ ಉಬ್ಬಿ ತೋಪಿಗೆ ನುಗ್ಗುತ್ತದೆ. ಸಹಾರಾದ ನಡುವೆ ತೋಟ ಸಾಯುತ್ತಿರುವುದು ನೀರು ಹೆಚ್ಚಾಗಿ. ಮಿತಿಮೀರಿ ಕೊರೆದ ಬಾವಿಗಳನ್ನು ಮುಚ್ಚಿಸುವ ಕೆಲಸ ಸರ್ಕಾರದಿಂದ ನಡೆದಿದೆ. ಹುಡುಗನ ಮನೆಯವರು ತೋಟವನ್ನು ಈಗ ಎತ್ತರದ ಕಡೆ ಮಾಡಿದ್ದಾರಂತೆ. ನೆಟ್ಟ ಕಂದುಗಳು ಫಲಕ್ಕೆ ಬರಲು ಇನ್ನೂ ಕೆಲವು ವರ್ಷ ಬೇಕು ಎಂದು ಹೇಳಿ ಅವನು ಕತ್ತೆಯನ್ನು ಆ ಕಡೆಗೇ ತಿರುಗಿಸಿದ.